ಬೀಗ ಗಟ್ಟಿಯಾಗಿದೆ, ಪಕ್ಕದ ಮನೆಯವರ ಹೆಸರು ಗೊತ್ತಾ?

ವಿಪತ್ತಿಗೆ ಮನೆಯನ್ನು ಸಜ್ಜು ಮಾಡಿಕೊಳ್ಳುವುದರ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ದೆವು. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕಳ್ಳರ ಬಗ್ಗೆಯೇ ಇವೆ. ನೀರಿನ ಬಗ್ಗೆ ಕೇಳಿದವರು ಒಬ್ಬರೇ. ಅದಕ್ಕೇ ಕಳ್ಳರಿಂದಲೇ ಶುರು ಮಾಡೋಣ.

ಪ್ರಶ್ನೆ: ದೊಡ್ಡ ಭೂಕಂಪವೋ ಪ್ರವಾಹವೋ ಆದರೆ ಮೂರೇ ದಿನದಲ್ಲಿ ಜನ ಅಂಗಡಿ ಲೂಟಿ ಮಾಡಿ ಆಮೇಲೆ ಮನೆಗಳಿಗೆ ನುಗ್ಗುತ್ತಾರೆ ಅಂತ ಒಂದು ವಿಡಿಯೋ ನೋಡಿದೆ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಎಲ್ಲ ಕಿಟಕಿಗೂ ಕಬ್ಬಿಣದ ಸರಳು ಹಾಕಿಸಿದ್ದೇನೆ, ಮುಂದೆ ಇನ್ನೊಂದು ಬಾಗಿಲು ಕೂರಿಸೋಣ ಅಂತಿದ್ದೇನೆ. ಸಾಮಾನು ಕೂಡಿಟ್ಟಿರುವುದನ್ನು ಯಾರಿಗೂ ಹೇಳಿಲ್ಲ. ಇನ್ನೇನು ಮಾಡಬೇಕು?

ಉತ್ತರ: ಮೊದಲು ಆ ಸರಳು ನೋಡಿ. ಒಳಗಿನಿಂದ ತೆಗೆಯಲು ಬರುತ್ತಾ? ಭೂಕಂಪದಲ್ಲಿ ಚೌಕಟ್ಟು ಸೊಟ್ಟಗಾಗಿ ಬಾಗಿಲು ಸಿಕ್ಕಿಕೊಳ್ಳಬಹುದು, ಅದರ ಮೇಲೆ ಬೆಂಕಿಯೂ ಹತ್ತಿಕೊಂಡರೆ ಕಿಟಕಿ ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ. ಒಂದು ಕೋಣೆಗೆ ಒಂದು ಕಿಟಕಿಯಾದರೂ ಒಳಗಿನಿಂದ ತೆರೆಯುವ ಹಾಗೆ ಮಾಡಿಸಿ. ಎರಡನೇ ಬಾಗಿಲು ಬೇಡ, ದುಡ್ಡು ಉಳಿಸಿ.

ಇನ್ನು ವಿಡಿಯೋ ವಿಷಯ. ಅಮೆರಿಕದ ಓಹಿಯೋದಲ್ಲಿ 1963ರಲ್ಲಿ ವಿಪತ್ತುಗಳನ್ನೇ ಅಧ್ಯಯನ ಮಾಡುವ ಒಂದು ಕೇಂದ್ರ ಶುರುವಾಯಿತು, ಈಗ ಅದು ಡೆಲವೇರ್ ವಿಶ್ವವಿದ್ಯಾಲಯದಲ್ಲಿದೆ. ಎನ್ರಿಕೊ ಕ್ವಾರಂಟೆಲಿ, ರಸೆಲ್ ಡೈನ್ಸ್ ಮತ್ತು ಅವರ ಜೊತೆಯವರು ಸುಂಟರಗಾಳಿ, ಪ್ರವಾಹ, ಭೂಕಂಪ ಆದ ಜಾಗಗಳಿಗೆ ಹೋಗಿ ಜನ ನಿಜವಾಗಿ ಏನು ಮಾಡುತ್ತಾರೆ ಅಂತ ದಶಕಗಟ್ಟಲೆ ನೋಡಿದರು. ಹೆಚ್ಚಿನ ಕಡೆ ಅವರಿಗೆ ಕಂಡಿದ್ದು ನಿಮ್ಮ ವಿಡಿಯೋದ ತದ್ವಿರುದ್ಧ. ಜನ ಹುಚ್ಚೆದ್ದು ಓಡಲಿಲ್ಲ. ಕೈಗೆ ಸಿಕ್ಕ ಹಾರೆ, ಹಗ್ಗ ಹಿಡಿದು ಪಕ್ಕದವರನ್ನು ಹೊರಗೆಳೆಯಲು ಹೋದರು.

ಜಪಾನಿನ ಕೋಬೆಯಲ್ಲಿ 1995ರ ಜನವರಿ 17ರಂದು ಬೆಳಗಿನ ಜಾವ 5.46ಕ್ಕೆ ಭೂಮಿ ನಡುಗಿ 6,400ಕ್ಕೂ ಹೆಚ್ಚು ಜನ ಸತ್ತರು. ಬದುಕಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದಿದ್ದು ಮನೆಯವರು ಮತ್ತು ನೆರೆಹೊರೆಯವರು, ರಕ್ಷಣಾ ಪಡೆಯಲ್ಲ. ಹತ್ತಿರದ ಅವಾಜಿ ದ್ವೀಪದ ಹೊಕುದಾನ್‌ನಲ್ಲಂತೂ ಯಾವ ಮನೆಯಲ್ಲಿ ಯಾರು ಯಾವ ಕೋಣೆಯಲ್ಲಿ ಮಲಗುತ್ತಾರೆ ಅನ್ನುವುದು ಊರವರಿಗೇ ಗೊತ್ತಿತ್ತು, ಸುಮ್ನೆ ಎಲ್ಲೆಲ್ಲೋ ಅಗೆಯದೆ ನೇರವಾಗಿ ಅಲ್ಲೇ ಅಗೆದರು. ನೀವು ಎಲ್ಲಿ ಮಲಗುತ್ತೀರಿ ಅಂತ ನಿಮ್ಮ ಬೀದಿಯಲ್ಲಿ ಯಾರಿಗಾದರೂ ಗೊತ್ತಾ? ಗುಟ್ಟಾಗಿ ಕೂಡಿಟ್ಟವರ ಕಷ್ಟ ಇದೇ ನೋಡಿ, ಅವರು ಮನೆಯೊಳಗೆ ಸಿಕ್ಕಿಕೊಂಡಿರುವುದೂ ಗುಟ್ಟಾಗಿಯೇ ಉಳಿಯುತ್ತದೆ.

ಈ ಭಾನುವಾರ ಎಡಕ್ಕೆ ಎರಡು, ಬಲಕ್ಕೆ ಎರಡು ಮನೆಗೆ ಹೋಗಿ ಬನ್ನಿ. ಯಾರ ಹತ್ತಿರ ಏಣಿ ಇದೆ, ಯಾರು ನರ್ಸು, ಯಾರಿಗೆ ನಡೆಯಲು ಆಗುವುದಿಲ್ಲ, ಗ್ಯಾಸ್ ಮತ್ತು ಕರೆಂಟಿನ ಮೇನ್ ಎಲ್ಲಿದೆ ಅಂತ ತಿಳಿದುಕೊಳ್ಳಿ.

ಪ್ರಶ್ನೆ: ಜನ ಒಳ್ಳೆಯವರು ಅಂತ ನೀವು ಬರೆಯುತ್ತೀರಿ ಅಂತ ಗೊತ್ತಿತ್ತು. ಹಾಗಾದರೆ ಲೂಟಿ ಆಗುವುದೇ ಇಲ್ಲವಾ? ಕತ್ರಿನಾ ಚಂಡಮಾರುತದಲ್ಲಿ ನಡೆದಿದ್ದೇನು?

ಉತ್ತರ: ಆಗುತ್ತದೆ. ಚಿಲಿಯಲ್ಲಿ 2010ರ ಫೆಬ್ರವರಿ 27ರ ಭೂಕಂಪದ ನಂತರ ಕನ್ಸೆಪ್ಸಿಯಾನ್ ನಗರದಲ್ಲಿ ಜೋರು ಲೂಟಿ ನಡೆಯಿತು, ಸೈನ್ಯ ಇಳಿಸಿ ಕರ್ಫ್ಯೂ ಹಾಕಬೇಕಾಯಿತು. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೋ ಚಂಡಮಾರುತ ಕೆರಿಬಿಯನ್‌ನ ಸೇಂಟ್ ಕ್ರಾಯ್ ದ್ವೀಪವನ್ನು ನೆಲಸಮ ಮಾಡಿದಾಗಲೂ ಅಷ್ಟೇ. ಅಲ್ಲಿ ಯಾಕೆ ಹಾಗಾಯಿತು ಅಂತ ಮೇಲೆ ಹೇಳಿದ ಕ್ವಾರಂಟೆಲಿಯೇ ವಿಚಾರಿಸಿದರು. ಬಡವ ಬಲ್ಲಿದರ ನಡುವೆ ದೊಡ್ಡ ಅಂತರ, ಮೊದಲಿನಿಂದಲೂ ಇದ್ದ ಕಳ್ಳತನ, ನೆಚ್ಚಿಕೊಳ್ಳಲಾಗದ ಪೊಲೀಸರು, ಅದರ ಮೇಲೆ ಸುತ್ತ ಸಮುದ್ರ, ನೆರವು ಬರುತ್ತದೋ ಇಲ್ಲವೋ ಅನ್ನುವ ದಿಗಿಲು. ಅಂದರೆ ಬಿರುಗಾಳಿ ಹೊಸದಾಗಿ ಏನನ್ನೂ ಹುಟ್ಟಿಸಲಿಲ್ಲ, ಮೊದಲೇ ಹಳಸಿದ್ದು ಬಯಲಿಗೆ ಬಂತು. ನಿಮ್ಮ ಬೀದಿ ಈಗ ಹೇಗಿದೆಯೋ ಆಮೇಲೂ ಹೆಚ್ಚುಕಡಿಮೆ ಹಾಗೇ ಇರುತ್ತದೆ ಅಂತ ಲೆಕ್ಕ ಹಾಕಿ.

ಕತ್ರಿನಾ ಬೇರೆ ಕತೆ. 2005ರ ಆಗಸ್ಟ್ 29ರಂದು ಅದು ಅಪ್ಪಳಿಸಿದ ನಂತರ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕೆಲವು ಅಂಗಡಿಗಳು ಲೂಟಿಯಾಗಿದ್ದು ನಿಜ, ಅದರಲ್ಲಿ ಒಂದಷ್ಟು ಬರೀ ನೀರಿಗೆ, ಊಟಕ್ಕೆ. ಆದರೆ ಸಾವಿರಾರು ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಕೊಲೆಗಳ ಮೇಲೆ ಕೊಲೆ ಅಂತ ಹಬ್ಬಿದ್ದು ಬಹುಪಾಲು ಸುಳ್ಳಾಗಿತ್ತು. ಆ ಸುದ್ದಿಗಳ ಬಿಸಿ ಆರುವ ಮೊದಲೇ, ಸೆಪ್ಟೆಂಬರ್ 4ರಂದು ಡ್ಯಾನ್ಜಿಗರ್ ಸೇತುವೆಯ ಮೇಲೆ ಪೊಲೀಸರು ಕೈಯಲ್ಲಿ ಆಯುಧವೇ ಇಲ್ಲದ ನಾಗರಿಕರ ಮೇಲೆ ಗುಂಡು ಹಾರಿಸಿದರು. ಇಬ್ಬರು ಸತ್ತರು, ನಾಲ್ವರಿಗೆ ಗಾಯ.

ಅದಕ್ಕೆ ಕಾವಲು ಬೇಕು ಅನ್ನಿಸಿದರೆ ಬೀದಿಯವರೆಲ್ಲ ಸೇರಿ ಸರದಿ ಹಾಕಿಕೊಳ್ಳಿ, ಟಾರ್ಚ್ ಮತ್ತು ಸೀಟಿ ಹಿಡಿದು, ಇಬ್ಬಿಬ್ಬರಾಗಿ. ಆಯುಧ ಬೇಡ. ಕತ್ತಲಲ್ಲಿ ಹೆದರಿದವನ ಕೈಯಲ್ಲಿರುವ ಆಯುಧಕ್ಕೆ ಕಳ್ಳ ಯಾರು, ಮಗನನ್ನು ಹುಡುಕಿಕೊಂಡು ಬಂದ ಅಪ್ಪ ಯಾರು ಅಂತ ಗೊತ್ತಾಗುವುದಿಲ್ಲ. ನಿಜಕ್ಕೂ ಯಾರಾದರೂ ನುಗ್ಗಿದರೆ ಟಿವಿ ಹೋಗಲಿ ಬಿಡಿ, ನೀವು ಹಿಂದಿನ ಬಾಗಿಲಿನಿಂದ ಹೊರಡಿ.

ಪ್ರಶ್ನೆ: ಇಂಥ ಹೊತ್ತಿನಲ್ಲಿ ವಾಟ್ಸಾಪ್‌ನಲ್ಲಿ ಬರುವ ಎಚ್ಚರಿಕೆಗಳನ್ನು ಎಲ್ಲರಿಗೂ ಕಳಿಸಬೇಕಲ್ವಾ? ಸುಳ್ಳಾದರೂ ನಷ್ಟವೇನು, ಜನ ಜಾಗೃತರಾಗಿರುತ್ತಾರೆ.

ಉತ್ತರ: ನಷ್ಟ ಇದೆ. 1923ರ ಸೆಪ್ಟೆಂಬರ್ 1ರಂದು ಟೋಕಿಯೊ, ಯೊಕೊಹಾಮಾ ಭೂಕಂಪದಲ್ಲಿ ಹಾಳಾದವು. ಕೊರಿಯಾದವರು ಬಾವಿಗಳಿಗೆ ವಿಷ ಹಾಕುತ್ತಿದ್ದಾರೆ, ಬೆಂಕಿ ಇಡುತ್ತಿದ್ದಾರೆ ಅಂತ ಗಾಳಿಮಾತು ಹಬ್ಬಿತು. ಮಾಮೂಲಿ ಜನರೇ ಕಾವಲು ಪಡೆ ಕಟ್ಟಿಕೊಂಡು, ಜೊತೆಗೆ ಪೊಲೀಸರು, ಸೈನಿಕರೂ ಸೇರಿ ಸಾವಿರಾರು ಕೊರಿಯನ್ನರನ್ನು ಕೊಂದರು. ಸಮಾಜ ಕುಸಿಯುವುದು ಅಂದರೆ ನನಗೆ ಮೊದಲು ನೆನಪಾಗುವುದು ಇದು, ಅಂಗಡಿ ಲೂಟಿಯಲ್ಲ. ಆ ಗಾಳಿಮಾತು ಹಬ್ಬಿಸಿದವರೂ ಎಚ್ಚರಿಕೆ ಅಂತಲೇ ಒಬ್ಬರಿಗೊಬ್ಬರು ಹೇಳಿಕೊಂಡಿದ್ದು.

ಬ್ಯಾಟರಿ ರೇಡಿಯೋ ಒಂದು ಇಟ್ಟುಕೊಳ್ಳಿ. ಯಾರು, ಯಾವಾಗ, ಎಲ್ಲಿ ಕಣ್ಣಾರೆ ನೋಡಿದ್ದು ಅನ್ನುವುದು ಇಲ್ಲದ ಮೆಸೇಜನ್ನು ಮುಂದೆ ಕಳಿಸಬೇಡಿ. ಅದರಲ್ಲೂ ಇಂಥ ಜನ, ಇಂಥ ಭಾಷೆಯವರು ಅಂತ ಬೆರಳು ತೋರಿಸಿದ್ದರೆ ಅಲ್ಲೇ ಅಳಿಸಿ.

ಪ್ರಶ್ನೆ: ನಾಲ್ಕು ಜನರ ಮನೆಗೆ ಎಷ್ಟು ನೀರು ಇಡಬೇಕು?

ಉತ್ತರ: ಅಂತೂ ಒಬ್ಬರು ಕೇಳಿದಿರಿ! ಕುಡಿಯಲು ಮತ್ತು ಅಲ್ಪಸ್ವಲ್ಪ ತೊಳೆಯಲು ಒಬ್ಬರಿಗೆ ದಿನಕ್ಕೆ ಸುಮಾರು 4 ಲೀಟರ್. ನಾಲ್ವರಿಗೆ ಮೂರು ದಿನಕ್ಕೆ 48 ಲೀಟರ್, ಎರಡು ವಾರಕ್ಕೆ 224. ಒಂದೇ ಸಲ ತುಂಬಿಡಲು ಹೋಗಿ ಕೈಬಿಡುವವರೇ ಜಾಸ್ತಿ, ಮೂರು ದಿನದ್ದರಿಂದ ಶುರು ಮಾಡಿ. ಮುಚ್ಚಳ ಇರುವ ಸಣ್ಣ ಕ್ಯಾನ್‌ಗಳು ವಾಸಿ. 50 ಲೀಟರಿನ ಡ್ರಮ್ಮನ್ನು ಮೆಟ್ಟಿಲ ಮೇಲೆ ಹೊತ್ತು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ.

ಸಂಗ್ರಹ ಮುಗಿದರೆ ನೀರನ್ನು ಕುದಿಸಿ. ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು, 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಉರುವಲು ಇಲ್ಲದಿದ್ದರೆ ಸುವಾಸನೆ, ಬಣ್ಣ ಸೇರಿಸದ ಮನೆಬಳಕೆಯ ಕ್ಲೋರಿನ್ ಬ್ಲೀಚ್, ಶೇಕಡಾ 6ರದ್ದು, ತಿಳಿ ನೀರಿನ ಲೀಟರಿಗೆ 2 ಹನಿ ಹಾಕಿ ಕಲಕಿ 30 ನಿಮಿಷ ಬಿಡಿ. ಪೆಟ್ರೋಲು, ಕೀಟನಾಶಕ ಬೆರೆತ ನೀರು ಇದರಿಂದಲೂ ಸರಿಯಾಗುವುದಿಲ್ಲ, ಕುದಿಸಿದರೂ ಆಗುವುದಿಲ್ಲ.

ಕೇಳದಿದ್ದರೂ ಹೇಳುತ್ತೇನೆ: ಕಕ್ಕಸು. ಕೊಳವೆ ಒಡೆದಿರುವಾಗ ನೀರು ಸುರಿದರೆ ಹೊಲಸು ಕೆಳಗಿನ ಮನೆಗೆ ಹೋಗುತ್ತದೆ, ಜಗಳ ಶುರುವಾಗುವುದೇ ಅಲ್ಲಿ. ಮುಚ್ಚಳದ ಬಕೆಟ್, ದಪ್ಪ ಚೀಲ, ಪ್ರತಿ ಸಲ ಮೇಲೆ ಹಾಕಲು ಒಣ ಮಣ್ಣೋ ಮರದ ಹೊಟ್ಟೋ, ಕೈ ತೊಳೆಯಲು ಸಾಬೂನು. ಲೂಟಿಗಿಂತ ಮೊದಲು ಬರುವುದು ಭೇದಿ.

ಪ್ರಶ್ನೆ: ಜನರೇಟರ್ ಕಳುವಾಗದಿರಲಿ ಅಂತ ಮನೆಯೊಳಗೇ ಇಟ್ಟು ಓಡಿಸಬಹುದಾ?

ಉತ್ತರ: ಖಂಡಿತ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದೇ ಇಲ್ಲ. ಕಿಟಕಿ ಬಾಗಿಲುಗಳಿಂದ 6 ಮೀಟರಾದರೂ ದೂರ, ಹೊರಗೆ. ಕಳುವಿನ ಭಯವಿದ್ದರೆ ಸರಪಳಿ ಹಾಕಿ.

ಪ್ರಶ್ನೆ: ನನಗೆ 71 ವರ್ಷ, ಒಬ್ಬಳೇ ಇರುತ್ತೇನೆ. ಬಿಪಿ ಮಾತ್ರೆ ತಗೊಳ್ತೀನಿ. ಏನೇ ಆದರೂ ಬಾಗಿಲು ಹಾಕಿಕೊಂಡು ಒಳಗೇ ಇರಿ ಅಂತ ಮಗ ಹೇಳುತ್ತಾನೆ. ಅದು ಸರಿಯಾ?

ಉತ್ತರ: ಮಗನ ಕಾಳಜಿ ಅರ್ಥವಾಗುತ್ತದೆ ಅಮ್ಮಾ, ಆದರೆ ಏನೇ ಆದರೂ ಅಂದರೆ ಒಪ್ಪಲಾರೆ. 1995ರ ಜುಲೈನಲ್ಲಿ ಶಿಕಾಗೋ ನಗರದಲ್ಲಿ ಬಿಸಿಗಾಳಿಗೆ 739 ಜನ ಸತ್ತರು. ಅವರಲ್ಲಿ ತುಂಬಾ ಜನ ಒಂಟಿಯಾಗಿದ್ದ ವಯಸ್ಸಾದವರು. ಹೊರಗಿನವರ ಭಯಕ್ಕೆ ಅಷ್ಟು ಸೆಕೆಯಲ್ಲೂ ಕಿಟಕಿ ಬಾಗಿಲು ಬಿಗಿಯಾಗಿ ಹಾಕಿಕೊಂಡವರೂ ಅದರಲ್ಲಿದ್ದರು. ಕದ ತಟ್ಟುವವರು ಯಾರೂ ಇರಲಿಲ್ಲ.

ಡಾಕ್ಟರಿಗೆ ಹೇಳಿ ಎರಡು ವಾರದ ಮಾತ್ರೆ ಹೆಚ್ಚಿಗೆ ಬರೆಸಿಕೊಳ್ಳಿ. ಹಳೆಯದು ಮೊದಲು ನುಂಗಿ, ಹೊಸದನ್ನು ಹಿಂದೆ ಇಡುತ್ತಾ ಬನ್ನಿ. ಮಾತ್ರೆಯ ಹೆಸರು, ಪ್ರಮಾಣ, ಮಗನ ನಂಬರು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿರಲಿ, ಫೋನ್ ಸತ್ತರೆ ನಂಬರು ನೆನಪಿರುವುದಿಲ್ಲ. ಸ್ವಲ್ಪ ಚಿಲ್ಲರೆ ನೋಟುಗಳೂ ಇರಲಿ. ಕರೆ ಹೋಗದಿದ್ದಾಗ ಎಷ್ಟೋ ಸಲ ಎಸ್ಸೆಮ್ಮೆಸ್ ಹೋಗುತ್ತದೆ, ಮಗನಿಗೆ ಅದನ್ನೇ ಕಳಿಸಿ.

ಇನ್ನೊಂದು ಕೀಲಿಯನ್ನು ನಂಬಿಕೆಯ ಪಕ್ಕದ ಮನೆಯವರಿಗೆ ಕೊಡಿ. ದಿನಾ ಬೆಳಿಗ್ಗೆ ಎಂಟಕ್ಕೆ ನೀವು ಮುಂದಿನ ಕಿಟಕಿಯ ಪರದೆ ಸರಿಸಬೇಕು, ಸರಿಯದಿದ್ದರೆ ಅವರು ಬಂದು ಕದ ತಟ್ಟಬೇಕು. ವಿಪತ್ತಿಗೆ ಕಾಯಬೇಡಿ, ನಾಳೆಯಿಂದಲೇ ಶುರು ಮಾಡಿ. ಮರೆತು ಮಲಗಿಬಿಟ್ಟ ದಿನ ಅವರು ಓಡಿ ಬಂದರೆ ಬೈಯಬೇಡಿ ಮತ್ತೆ.