‘ಪೀಪಲ್ಸ್’ ಬೇಡ, ‘ಪೀಪಲ್’ ಸಾಕು

ಮುಂಬೈ ಬಳಿಯ ಡೊಂಬಿವಲಿಯ ಕನ್ನಡ ಸಂಘದ ಇಂಗ್ಲಿಷ್ ಆಮಂತ್ರಣದಲ್ಲಿ ‘ಆಲ್ ಕನ್ನಡ ಪೀಪಲ್ಸ್ ಆರ್ ಇನ್ವೈಟೆಡ್’ ಎಂದು ಹಾಕಬಹುದೇ ಅಂತ ಕೇಳಿದ್ದೀರಿ. ‘ಆರ್’ ಸರಿ ಇದೆ, ‘ಪೀಪಲ್ಸ್’ನ ಕೊನೆಯ ಎಸ್ ತೆಗೆದುಬಿಡಿ.

ಪೀಪಲ್ ಎಂಬುದೇ ಬಹುವಚನ. ಒಬ್ಬರೇ ಇದ್ದರೆ ಪರ್ಸನ್. ನಮಗೆ ಎಡವಟ್ಟಾಗುವುದು ಎಲ್ಲಿ ಎಂದರೆ, ಕನ್ನಡದಲ್ಲಿ ‘ಜನ ಬಂದರು’, ‘ಜನ ಸೇರಿತು’ ಎರಡೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ‘ಪೀಪಲ್ ಈಸ್’ ನಡೆಯುವುದಿಲ್ಲ.

ಹಾಗಂತ ಪೀಪಲ್ಸ್ ಎಂಬ ಪದವೇ ಇಲ್ಲ ಎಂದಲ್ಲ. ಬೇರೆ ಬೇರೆ ಜನಾಂಗ, ರಾಷ್ಟ್ರಗಳನ್ನು ಒಟ್ಟಿಗೆ ಹೇಳುವಾಗ ಅದು ಬೇಕು. 1945ರ ವಿಶ್ವಸಂಸ್ಥೆಯ ಸನ್ನದು ಶುರುವಾಗುವುದೇ ‘ವೀ ದ ಪೀಪಲ್ಸ್’ ಎಂದು, ಏಕೆಂದರೆ ಅಲ್ಲಿ ಹಲವು ದೇಶಗಳ ಜನರಿದ್ದಾರೆ. ನಮ್ಮ ಸಂವಿಧಾನದಲ್ಲಿ ‘ವೀ, ದ ಪೀಪಲ್ ಆಫ್ ಇಂಡಿಯಾ’. ಮುಂಬೈ ಕನ್ನಡಿಗರು ಒಂದೇ ಸಮುದಾಯ, ಹಾಗಾಗಿ ಪೀಪಲ್. ‘ಜನರ’ ಎಂಬ ಅರ್ಥಕ್ಕಾದರೆ ಎಸ್‌ಗೆ ಮೊದಲು ಅಪಾಸ್ಟ್ರಫಿ ಬರಬೇಕು; ಬ್ಯಾನರ್ ಪ್ರಿಂಟ್ ಮಾಡುವವರು ಅದನ್ನೇ ನುಂಗುವುದು, ಪ್ರೂಫ್ ನೋಡಿ.

‘ಪರ್ಸನ್ಸ್’ ಲಿಫ್ಟಿನ ಫಲಕಕ್ಕೆ, ಕಾನೂನಿನ ನೋಟಿಸಿಗೆ ಸರಿ, ಆಮಂತ್ರಣಕ್ಕೆ ಒಣಕಲು. ಲೋಕಲ್ ಟ್ರೇನಿನ ‘ಬಹುತ್ ಪಬ್ಲಿಕ್ ಹೈ’ಯನ್ನಂತೂ ಇಂಗ್ಲಿಷಿಗೆ ತರಬೇಡಿ, ಅಲ್ಲಿ ಜನಜಂಗುಳಿಗೆ ಕ್ರೌಡ್ ಎನ್ನಬೇಕು.

ನನ್ನನ್ನು ಕೇಳಿದರೆ ‘ಆಲ್ ಕನ್ನಡಿಗಾಸ್ ಆರ್ ವೆಲ್ಕಮ್’ ಎಂದೇ ಹಾಕಿ.