ಅಪ್ಪನ ತಿಂಗಳ ಪೂಜೆ, ಮೇಜಿನ ಮೇಲೆ ಎರಡು ಬೈಬಲ್

ಹೆಂಡತಿ ಕಥೋಲಿಕಳು, ಗಂಡ ಪ್ರೊಟೆಸ್ಟೆಂಟ್. ಮಂಗಳೂರಿನಲ್ಲಿ ಆಪ್ತಸಲಹೆ ಮಾಡುವ ನನಗೆ ಇಂಥ ಜೋಡಿ ಹೊಸತಲ್ಲ. ಪ್ರೊಟೆಸ್ಟೆಂಟರಾದ ಬಾಸೆಲ್ ಮಿಷನ್‌ನವರು ಇಲ್ಲಿಗೆ ಬಂದದ್ದು 1834ರಲ್ಲಿ, ನಮ್ಮ ಕಥೋಲಿಕ ಇಗರ್ಜಿಗಳು ಅದಕ್ಕೂ ಹಳೆಯವು. ಎರಡೂ ಕಡೆಯ ಮಕ್ಕಳು ಒಂದೇ ಕಾಲೇಜು, ಒಂದೇ ಬಸ್ಸು. ಮದುವೆಯ ಮಾತು ಬಂದಾಗ ಹಿರಿಯರು ಹೇಳುವುದೂ ಒಂದೇ: "ಎಲ್ಲ ಯೇಸುವೇ ಅಲ್ವಾ, ಏನು ಮಹಾ ವ್ಯತ್ಯಾಸ?" ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ವ್ಯತ್ಯಾಸ ಉಂಟು. ಅದು ಸಾವಿನ ಮನೆಯಲ್ಲಿ, ತೊಟ್ಟಿಲ ಹತ್ತಿರ ಎದುರಾಗುತ್ತದೆ. ಆಗ ಇಬ್ಬರಿಗೂ ತಯಾರಿಯೇ ಇರುವುದಿಲ್ಲ.

ನಾನೂ ಕಥೋಲಿಕಳು. ಈ ದಂಪತಿಗೆ ಅದನ್ನು ಮೊದಲ ದಿನವೇ ಹೇಳಿದ್ದೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಮದುವೆಯಾಗಿ ಒಂಬತ್ತು ವರ್ಷ, ಒಬ್ಬಳು ಮಗಳು. ಬಿಷಪರ ಅನುಮತಿ ಪಡೆದೇ ಆದ ಮದುವೆ. ಭಾನುವಾರ ಆಕೆ ಇಗರ್ಜಿಯ ಬಲಿಪೂಜೆಗೆ, ಆತ ತನ್ನ ಚರ್ಚಿನ ಆರಾಧನೆಗೆ, ಮಧ್ಯಾಹ್ನ ಒಟ್ಟಿಗೆ ಊಟ. ಹೀಗೇ ನಡೆದಿತ್ತು. ಮಳೆಗಾಲದಲ್ಲಿ ಆಕೆಯ ಅಪ್ಪ ತೀರಿಕೊಂಡರು. ಮೂವತ್ತನೇ ದಿನ ಅಪ್ಪನ ಆತ್ಮಕ್ಕಾಗಿ ಪೂಜೆ ಇಡಬೇಕು ಎಂದು ಆಕೆ ಹೇಳಿದಳು. ಗಂಡ ಕೇಳಿದ: "ದುಡ್ಡು ಕೊಟ್ಟರೆ ಅಪ್ಪ ಬೇಗ ಸ್ವರ್ಗಕ್ಕೆ ಹೋಗ್ತಾರಾ?" ಅಲ್ಲಿಗೆ ಮಾತು ನಿಂತಿತು. ನನ್ನ ಹತ್ತಿರ ಬಂದಾಗ ಇಬ್ಬರ ನಡುವೆ ಮಗಳ ಮೂಲಕ ಮಾತ್ರ ಸಂಭಾಷಣೆ: "ಊಟಕ್ಕೆ ಬರಬೇಕಂತೆ ಹೇಳು."

ಎರಡನೇ ಭೇಟಿಗೆ ಇಬ್ಬರೂ ತಮ್ಮ ತಮ್ಮ ಬೈಬಲ್ ತಂದಿದ್ದರು. ಜಗಳಕ್ಕೆ ತಯಾರಾಗಿ ಬಂದಿದ್ದಾರೆ ಎಂದು ನನಗೆ ಗೊತ್ತಾಯಿತು.

"ಸತ್ತವರಿಗಾಗಿ ಪ್ರಾರ್ಥಿಸಬೇಕು ಅಂತ ಎಲ್ಲಿ ಉಂಟು, ತೋರಿಸು" ಎಂದ ಆತ. ಆಕೆ ಮಕ್ಕಬಿಯರ ಎರಡನೇ ಪುಸ್ತಕದ 12ನೇ ಅಧ್ಯಾಯ ತೆಗೆದಳು. ಯುದ್ಧದಲ್ಲಿ ಸತ್ತ ಸೈನಿಕರ ಪಾಪಪರಿಹಾರಕ್ಕಾಗಿ ಯೆಹೂದ್ಯರ ನಾಯಕ ಯೂದ ಬೆಳ್ಳಿ ನಾಣ್ಯ ಕೂಡಿಸಿ ಜೆರುಸಲೇಮಿಗೆ ಕಳಿಸುವ ಪ್ರಸಂಗ. ಆತ ತನ್ನ ಬೈಬಲ್ ತಿರುವಿ ಹಾಕಿದ. ಆ ಪುಸ್ತಕವೇ ಅದರಲ್ಲಿ ಇಲ್ಲ. ನಮ್ಮದರಲ್ಲಿ 73 ಪುಸ್ತಕ, ಅವರದರಲ್ಲಿ 66. ಹಳೆ ಒಡಂಬಡಿಕೆಯಲ್ಲೇ ಏಳು ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಒಂದು ದಪ್ಪ, ಒಂದು ತೆಳ್ಳಗೆ. "ಬೈಬಲಿನಲ್ಲಿ ತೋರಿಸು ಎಂದು ಒಂಬತ್ತು ವರ್ಷ ಕೇಳಿದರೂ ಇಬ್ಬರೂ ಸೋಲುವುದಿಲ್ಲ" ಎಂದೆ. ಆತ ನಕ್ಕ. ಆಕೆ ನಗಲಿಲ್ಲ.

ದುಡ್ಡಿನ ಪ್ರಶ್ನೆಯನ್ನು ನಾನು ತಳ್ಳಿಹಾಕಲಿಲ್ಲ. 1517ರಲ್ಲಿ ಪ್ರೊಟೆಸ್ಟೆಂಟ್ ಚಳವಳಿಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಪಾಪದ ಶಿಕ್ಷೆ ಕಡಿಮೆಯಾಗುತ್ತದೆಂದು ಹಣಕ್ಕೆ ಕೊಡುತ್ತಿದ್ದ ಕ್ಷಮಾಪತ್ರದ ಹೆಸರಿನಲ್ಲಿ ಜರ್ಮನಿಯಲ್ಲಿ ನಡೆದದ್ದು ನಮ್ಮವರಿಗೆ ನಾಚಿಕೆಗೇಡು. 1562ರಲ್ಲಿ ನಮ್ಮ ಬಿಷಪರ ಟ್ರೆಂಟ್ ಮಹಾಸಭೆಯೇ ಅದನ್ನು ಹಂಚಿ ಹಣ ಕೂಡಿಸುವವರ ಹುದ್ದೆಯನ್ನು ಕಿತ್ತುಹಾಕಿತು. ಪೂಜೆಗೆ ಕೊಡುವುದು ಕಾಣಿಕೆ, ಟಿಕೆಟ್ ಅಲ್ಲ. ಇನ್ನು ಸತ್ತ ಮೇಲಿನ ಶುದ್ಧೀಕರಣ ಎಂದು ನಾವು ನಂಬುವುದು ನರಕದ ಪಕ್ಕದ ಜೈಲೂ ಅಲ್ಲ, ಇನ್ನೊಂದು ಪರೀಕ್ಷೆಯೂ ಅಲ್ಲ. ರಕ್ಷಣೆ ಆಗಲೇ ಸಿಕ್ಕವರು ದೇವರ ಮುಂದೆ ನಿಲ್ಲುವ ಮೊದಲು ಪೂರ್ತಿ ಶುದ್ಧರಾಗುತ್ತಾರೆ. ಅವರ ಜೊತೆ ನಮ್ಮ ಪ್ರಾರ್ಥನೆಯೂ ಹೋಗುತ್ತದೆ. ಇಷ್ಟು ಹೇಳಿ, "ನೀವು ಒಪ್ಪಬೇಕಾಗಿಲ್ಲ. ನಿಮ್ಮ ನಂಬಿಕೆ ಏನು, ಅವಳಿಗೆ ಹೇಳಿ" ಎಂದೆ.

ಆತ ಹೇಳಿದ: "ಶಿಲುಬೆಯ ಮೇಲೆ ಕರ್ತನು ಎಲ್ಲ ಮುಗಿಸಿದ್ದಾನೆ. ಮಾವ ಈಗ ಆತನ ಹತ್ತಿರ ಇದ್ದಾರೆ. ಇನ್ನೂ ಬೇಡಿದರೆ ಅದು ಸಾಲದು ಅಂದ ಹಾಗೆ ಆಗ್ತದೆ. ಮಾವನ ಬಗ್ಗೆ ಇವಳಿಗೇ ಅನುಮಾನವಾ ಅಂತ ನನಗೆ ಬೇಜಾರು."

ಆಕೆ ತಲೆ ಎತ್ತಿದಳು. ಇಷ್ಟು ದಿನ ಆಕೆಗೆ ಕೇಳಿಸಿದ್ದು ಅಪ್ಪನ ಬಗ್ಗೆ ಕುಹಕ. ಈಗ ಕೇಳಿಸಿದ್ದು ಅಪ್ಪನ ಪರವಾದ ವಕಾಲತ್ತು.

ಆಮೇಲೆ ಯಾರೂ ಕೇಳದೇ ಆತ ಹೇಳಿದ ಮಾತು ಇದು. "ಅಮ್ಮ ಹೋಗಿ ಆರು ವರ್ಷ, ಮೇಡಂ. ಇದ್ದಾಗ ದಿನಾ ರಾತ್ರಿ ಅವರ ಮೊಣಕಾಲು ನೋವಿಗೆ ಪ್ರಾರ್ಥನೆ ಮಾಡ್ತಿದ್ದೆ. ಮಣ್ಣು ಮಾಡಿ ಬಂದ ರಾತ್ರಿ ಅವರ ಹೆಸರು ಬಾಯಿವರೆಗೆ ಬಂತು. ನುಂಗಿಕೊಂಡೆ. ಈಗಲೂ ಪ್ರಾರ್ಥನೆಯಲ್ಲಿ ಆ ಜಾಗ ಬಂದಾಗ ಒಂದು ಕ್ಷಣ ನಿಲ್ತೇನೆ."

"ನಿಮಗೆ ನಿದ್ದೆ ಬರ್ತಾ ಇತ್ತು ಅಂದುಕೊಂಡಿದ್ದೆ" ಎಂದಳು ಆಕೆ.

ಆ ಗಳಿಗೆಯಲ್ಲಿ ನನ್ನ ನಾಲಿಗೆಯೂ ತುರಿಸಿತು. 'ಹಾಗಾದರೆ ಅಮ್ಮನ ಹೆಸರು ಹೇಳಿಬಿಡಿ, ನಮ್ಮಲ್ಲಿ ಅದಕ್ಕೆ ಜಾಗ ಉಂಟು' ಎನ್ನಬಹುದಿತ್ತು. ಹೇಳಲಿಲ್ಲ. ಇದನ್ನು ಕೇಳಿದ ಪರಿಚಯದ ಇಗರ್ಜಿಯ ಗುರುಗಳೊಬ್ಬರು "ಬಾಗಿಲು ತೆರೆದಿತ್ತಲ್ಲ, ಯಾಕೆ ಕರೆಯಲಿಲ್ಲ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅಮ್ಮನ ನೆನಪಿನಲ್ಲಿ ಅಳುವವನನ್ನು ಹಿಡಿದು ನಮ್ಮ ಕಡೆಗೆ ಎಳೆಯುವುದು ನನ್ನ ಪ್ರಕಾರ ಕಳ್ಳತನ. ಅಲ್ಲದೆ ಆತ ನಿಲ್ಲಿಸಿದ್ದು ಪ್ರೀತಿ ಕಡಿಮೆಯಾಗಿ ಅಲ್ಲ. ಅಮ್ಮನನ್ನು ಪೂರ್ತಿಯಾಗಿ ದೇವರ ಕೈಗೆ ಬಿಟ್ಟಿದ್ದೇನೆ ಎಂದು. ಆ ನಂಬಿಕೆ ನನ್ನದಲ್ಲ. ಆದರೆ ಅದನ್ನು ಸಣ್ಣದು ಮಾಡಲು ನನಗೆ ಮನಸ್ಸಾಗಲಿಲ್ಲ.

ನಾನು ಕೊಟ್ಟ ಸಲಹೆ ಸಣ್ಣದು. ಪೂಜೆ ಆಕೆ ಇಡಲಿ, ಆತ ಅಳಿಯನಾಗಿ ಬರಲಿ. ಬಾಯಿಗೆ ಬಾರದ ಪ್ರಾರ್ಥನೆಗೆ ಆಮೆನ್ ಹೇಳಬೇಕಿಲ್ಲ. ಮಾವನ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳಲು ಆತನ ಸಭೆಯಲ್ಲೂ ಯಾರ ಅಡ್ಡಿಯೂ ಇಲ್ಲ. ಮನೆಯಲ್ಲಿ ಸದ್ಯಕ್ಕೆ ವಚನ ತೋರಿಸುವ ಆಟ ಬೇಡ. "ನಿಮ್ಮ ಸಭೆ ನಿನ್ನೆ ಮೊನ್ನೆ ಹುಟ್ಟಿದ್ದು" ಎಂದು ಜಗಳದಲ್ಲಿ ಆಕೆ ಅಂದದ್ದಕ್ಕೆ ಆಕೆಯೇ ಕ್ಷಮೆ ಕೇಳಲಿ.

"ಪರಮಪ್ರಸಾದಕ್ಕೆ ಎಲ್ಲರೂ ಎದ್ದು ಹೋಗುವಾಗ ನಾನೊಬ್ಬನೇ ಬೆಂಚಿನಲ್ಲಿ ಕೂತಿರಬೇಕಾ?" ಎಂದು ಆತ ಕೇಳಿದ. ಹೌದು ಎಂದೆ. ಇದು ಕಷ್ಟದ ಉತ್ತರ. ಅವರ ಸಭೆಯಲ್ಲಿ ಬೇರೆ ಸಭೆಯವರೂ ಕರ್ತನ ಮೇಜಿಗೆ ಬರಬಹುದು, ನಮ್ಮಲ್ಲಿ ಹಾಗಿಲ್ಲ. ಆ ರೊಟ್ಟಿ ಕ್ರಿಸ್ತನ ಶರೀರವೇ ಎಂದು ನಾವು ನಂಬುತ್ತೇವೆ. ಅದನ್ನು ತೆಗೆದುಕೊಳ್ಳುವವರು ಈ ಧರ್ಮಸಭೆಯ ನಂಬಿಕೆಗೂ ಆಮೆನ್ ಹೇಳಿದಂತೆ. ಸುಮ್ನೆ ಮರ್ಯಾದೆಗೆಂದು ಹೋಗಿ ಎಂದು ಹೇಳಲು ನನಗೆ ಬರುವುದಿಲ್ಲ. ನೋವಾಗುತ್ತದೆ, ಆಗಲಿ. ಸಭೆ ಒಡೆದಿರುವುದು ನಿಜವಾದ ಮೇಲೆ ನೋವು ಇಲ್ಲದ ಹಾಗೆ ನಟಿಸುವುದು ಹೇಗೆ? 1999ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ರಕ್ಷಣೆ ದೇವರ ಕೃಪೆಯಿಂದಲೇ ಎಂದು ಒಟ್ಟಿಗೆ ಸಹಿ ಹಾಕಿದರು. ಅದು ದೊಡ್ಡದೇ. ಆದರೂ ಬೆಂಚಿನಲ್ಲಿ ಒಬ್ಬ ಅಳಿಯ ಕೂತೇ ಇರುತ್ತಾನೆ.

ಆತ ಕೂತಿದ್ದನಂತೆ. ಆಕೆ ಹಿಂತಿರುಗಿ ಬಂದು ಪಕ್ಕದಲ್ಲಿ ಮೊಣಕಾಲೂರಿದಾಗ ಸರಿದು ಜಾಗ ಮಾಡಿಕೊಟ್ಟನಂತೆ. ರಾತ್ರಿ ಕರ್ತನ ಪ್ರಾರ್ಥನೆಯನ್ನು ಈಗ ಒಟ್ಟಿಗೆ ಹೇಳುತ್ತಾರೆ. 'ಕೇಡಿನಿಂದ ರಕ್ಷಿಸು' ಎಂಬಲ್ಲಿ ಆಕೆಯದು ಮುಗಿಯುತ್ತದೆ. ಆತ 'ರಾಜ್ಯವೂ ಬಲವೂ ಮಹಿಮೆಯೂ' ಎಂದು ಮುಂದುವರಿಸುತ್ತಾನೆ. ಆಕೆ ಆಮೆನ್‌ಗೆ ಕಾಯುತ್ತಾಳೆ.

ಮೊನ್ನೆ ಮತ್ತೆ ಫೋನ್. ಮಗಳಿಗೆ ಫಸ್ಟ್ ಕಮ್ಯುನಿಯನ್, ಅಂದರೆ ಮೊದಲ ಪರಮಪ್ರಸಾದದ ತಯಾರಿ ಶುರುವಾಗಬೇಕು, ಮಕ್ಕಳನ್ನು ಕಥೋಲಿಕರಾಗಿ ಬೆಳೆಸಲು ಕೈಲಾದದ್ದು ಮಾಡುತ್ತೇನೆ ಎಂದು ಮದುವೆಗೆ ಮೊದಲು ಆಕೆ ಕೊಟ್ಟ ಮಾತಿನ ಚರ್ಚೆ ಎದ್ದಿದೆ. ಬುಧವಾರ ನಾಲ್ಕೂವರೆಗೆ ಬರಲು ಹೇಳಿದ್ದೇನೆ. ಬೈಬಲ್ ಎರಡನ್ನೂ ಮನೆಯಲ್ಲೇ ಬಿಟ್ಟು.