ಕೊಡಗಿನ ಕಾಡಲ್ಲಿ ಲೈನ್ ಕರೆಂಟ್ ಇಲ್ಲದ ಪುಟ್ಟ ಮನೆಗೆ ಎಷ್ಟು ವ್ಯಾಟ್ ಸೋಲಾರ್ ಬೇಕು?

ಬೆಂಗಳೂರಿನ ಕೆಲಸ ಬಿಟ್ಟು, ಮಡಿಕೇರಿ ಹತ್ತಿರ ತೋಟದ ಮೂಲೆಯಲ್ಲಿ ಒಂದು ಕೋಣೆಯ ಮನೆ ಕಟ್ಟಬೇಕು, ಎಷ್ಟು ಪ್ಯಾನೆಲ್, ಎಷ್ಟು ಬ್ಯಾಟರಿ ಅಂತ ಕೇಳಿದ್ದೀರಿ. 2018ರ ಕೊನೆಯಲ್ಲಿ ನಾನು ಕೇಳುತ್ತಿದ್ದದ್ದೂ ಇದನ್ನೇ. ಸಿಕ್ಕಿದವರನ್ನೆಲ್ಲ ಕೇಳಿದೆ. ಎಲ್ಲರೂ ಉತ್ತರ ಕೊಟ್ಟರು. ಒಬ್ಬರೇ ಒಬ್ಬರು ಮಾತ್ರ ತಿರುಗಿ ನನ್ನನ್ನೇ ಒಂದು ಪ್ರಶ್ನೆ ಕೇಳಿದರು. ಅದನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ನಮ್ಮದು ಮಡಿಕೇರಿ ಹತ್ತಿರದ ಗಾಳಿಬೀಡಿನ ಕಡೆ. ಹನ್ನೆರಡು ಅಡಿಗೆ ಹದಿನಾರು ಅಡಿ ಮನೆ, ತಗಡಿನ ಮಾಡು, ಮೂಲೆಯಲ್ಲಿ ಒಲೆ, ಹಿಂದೆ ಬಚ್ಚಲು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದದ್ದು ಎಲ್ಲರ ಮನಸ್ಸಿನಲ್ಲಿ ಹಸಿಯಾಗಿತ್ತು. ಹಾಗಾಗಿ ಜೆಸಿಬಿ ತಂದು ಬರೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣು, ಕಡಿಯಲಿಲ್ಲ, ಇದ್ದ ಇಳಿಜಾರಿನಲ್ಲೇ ಕಂಬದ ಮೇಲೆ ಮನೆ ನಿಲ್ಲಿಸಿದೆವು. ಅದೊಂದು ವಿಷಯದಲ್ಲಿ ನಾವು ಮಾಡಿದ್ದು ಸರಿ. ನೀವೂ ಬರೆ ಕಡಿಯಬೇಡಿ.

2019ರ ಫೆಬ್ರವರಿಯಲ್ಲಿ ನಾನು, ಹೆಂಡತಿ, ಅಮ್ಮ ಮೂವರೂ ಬಂದು ಸೇರಿದೆವು. ಮಾರ್ಚಿನಲ್ಲಿ ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿತ್ತು. ಸುತ್ತ ಕಾಫಿ ಬೆಳ್ಳಗೆ ಅರಳಿತು. ಬೆಳಿಗ್ಗೆ ಬಾಗಿಲು ತೆಗೆದರೆ ಮಲ್ಲಿಗೆಯಂಥ ಘಮ. 100 ವ್ಯಾಟಿನ ಎರಡು ಪ್ಯಾನೆಲ್ ಮಧ್ಯಾಹ್ನದ ಹೊತ್ತಿಗೇ ಬ್ಯಾಟರಿ ತುಂಬಿಸಿಬಿಡುತ್ತಿದ್ದವು. ಮೇಲಿನ ಕೊಲ್ಲಿಯಿಂದ (ಗುಡ್ಡದ ತೊರೆ) ಕರಿ ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತಿತ್ತು, ಪಂಪೇ ಬೇಡ. ಇನ್ನೇನು ಬೇಕು ಅನ್ನಿಸಿತು.

ಆಗ ಪಕ್ಕದ ತೋಟದ ಅಜ್ಜ ಮನೆ ನೋಡಲು ಬಂದರು. ನಾನು ಪ್ಯಾನೆಲ್, ಇನ್ವರ್ಟರ್, ಬ್ಯಾಟರಿ ಎಲ್ಲ ತೋರಿಸಿದೆ. ಸುತ್ತ ಒಂದು ಸಲ ನೋಡಿ, "ಎಲ್ಲ ಸರಿ, ಸೌದೆ ಎಲ್ಲಿಟ್ಟಿದ್ದೀರಿ?" ಅಂದರು. ಮೇ ತಿಂಗಳಲ್ಲಿ ತರಿಸ್ತೀವಿ ಅಜ್ಜ ಅಂದೆ. ಅವರು ಏನೂ ಹೇಳದೆ ಕಾಫಿ ಕುಡಿದು ಹೋದರು.

ನನ್ನ ತಪ್ಪು ಇಲ್ಲಿದೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ದಯವಿಟ್ಟು ಪೂರ್ತಿ ಓದಿ.

ಮನೆಯ ನಕ್ಷೆಯಲ್ಲಿ ಮೊದಲು ಸೌದೆ ಕೊಟ್ಟಿಗೆ ಇತ್ತು. ಮೇಸ್ತ್ರಿ 18 ಸಾವಿರ ಹೇಳಿದ್ದರು. ಅದನ್ನು ಕೈಬಿಟ್ಟು ಆ ದುಡ್ಡಿಗೆ 150 ಎಎಚ್ (ಆಂಪಿಯರ್ ಅವರ್) ಸಾಮರ್ಥ್ಯದ ಎರಡನೇ ಬ್ಯಾಟರಿ ತಂದೆ. ಮೇ ತಿಂಗಳಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡಿಸುತ್ತಿದ್ದ ಒಂದು ತೋಟದಿಂದ ಸಿಲ್ವರ್ ಓಕ್ ಮರದ ತುಂಡು ಅಗ್ಗಕ್ಕೆ ಸಿಕ್ಕಿತು. ಒಂದು ಪಿಕಪ್ ತುಂಬ. ಹೊರಗೆ ನೆಲದ ಮೇಲೆ ಪೇರಿಸಿ, ನೀಲಿ ಟಾರ್ಪಾಲು ಹೊದಿಸಿ, ಗಾಳಿಗೆ ಹಾರಬಾರದು ಅಂತ ನಾಲ್ಕೂ ಕಡೆ ನೆಲಕ್ಕೆ ಎಳೆದು ಕಲ್ಲಿಟ್ಟೆ. ಒಂದು ಹನಿ ಒಳಗೆ ಹೋಗದ ಹಾಗೆ ಮುಚ್ಚಿದ್ದೇನೆ ಅಂತ ನೆಮ್ಮದಿಯಾಗಿದ್ದೆ.

ಹಸಿ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರೇ ಇರುತ್ತದೆ. ಅದು ಹೋಗಬೇಕಾದರೆ ಮರ ಸೀಳಿರಬೇಕು, ಬಿಸಿಲು ಬೇಕು, ಎಲ್ಲಕ್ಕಿಂತ ಜಾಸ್ತಿ ಗಾಳಿ ಬೇಕು. ನಾನು ಮಳೆ ನೀರು ಒಳಗೆ ಬರದ ಹಾಗೆ ಮುಚ್ಚಿದ್ದು ನಿಜ. ಆದರೆ ಮರದೊಳಗಿನ ನೀರು ಹೊರಗೆ ಹೋಗದ ಹಾಗೂ ಮುಚ್ಚಿದ್ದೆ. ನೆಲದ ತೇವವೂ ಕೆಳಗಿನಿಂದ ಏರಿತು. ಜೂನ್ ಕೊನೆಯಲ್ಲಿ ಟಾರ್ಪಾಲು ಎತ್ತಿದರೆ ಒಳಗಿನಿಂದ ಬೆಚ್ಚನೆಯ ಹುಳಿ ವಾಸನೆ ಮುಖಕ್ಕೆ ಬಡಿಯಿತು. ತುಂಡುಗಳ ಮೇಲೆ ಬಿಳಿ ಬೂಷ್ಟು. ತೊಗಟೆಯ ಸಂದಿಯಲ್ಲಿ ಉಗುರಿನಷ್ಟು ದೊಡ್ಡ ಅಣಬೆಗಳು ಸಾಲಾಗಿ ಎದ್ದಿದ್ದವು.

ಆ ಸೌದೆಯನ್ನೇ ಉರಿಸಿದೆವು. ಬೇರೆ ಇರಲಿಲ್ಲ. ಒಲೆಗಿಟ್ಟರೆ ತುಂಡಿನ ಇನ್ನೊಂದು ತುದಿಯಲ್ಲಿ ಚಿರ್ ಅಂತ ನೊರೆ ಬರುತ್ತಿತ್ತು. ಉರಿಯ ಶಾಖ ಎಲ್ಲ ಆ ನೀರು ಕುದಿಸುವುದಕ್ಕೇ ಹೋಗುತ್ತದೆ, ಬೆಂಕಿ ಏಳುವುದಿಲ್ಲ, ಬರೀ ಹೊಗೆ. ಆ ಹೊಗೆ ತಣ್ಣಗಿರುವ ತಗಡಿನ ಪೈಪಿನಲ್ಲಿ ಮೇಲೇರುವಾಗ ಡಾಂಬರಿನಂತೆ ಒಳಗೆ ಮೆತ್ತಿಕೊಳ್ಳುತ್ತದೆ. ಮೂರು ವಾರದಲ್ಲಿ ಪೈಪು ಅರ್ಧ ಕಟ್ಟಿತು. ಆಮೇಲೆ ಹೊಗೆ ಮನೆಯೊಳಗೇ ತಿರುಗಿತು. ಹೊರಗೆ ಒಂದೇ ಸಮ ಮಳೆ, ಕಿಟಕಿ ತೆಗೆಯುವ ಹಾಗಿಲ್ಲ.

ಗ್ಯಾಸ್ ಇರಲಿಲ್ವಾ ಅಂತ ಕೇಳಬಹುದು. ಇತ್ತು. ಅನ್ನ ಸಾರಿಗೆ ಗ್ಯಾಸ್ ಸಾಕು. ಆದರೆ ಮಳೆಗಾಲದಲ್ಲಿ ಒಲೆ ಇರುವುದು ಅಡುಗೆಗೆ ಮಾತ್ರ ಅಲ್ಲ. ಸ್ನಾನದ ಹಂಡೆ, ಬಟ್ಟೆ ಒಣಗಿಸುವುದು, ಹಾಸಿಗೆಯ ತಂಡಿ ತೆಗೆಯುವುದು, ಎಲ್ಲಕ್ಕೂ ಬೆಂಕಿಯೇ ಬೇಕು. ನಮ್ಮಲ್ಲಿ ಒಗೆದ ಬಟ್ಟೆ ಆರು ದಿನವಾದರೂ ಒಣಗಲಿಲ್ಲ. ಅಕ್ಕಿ ಡಬ್ಬಿಯ ಮುಚ್ಚಳಕ್ಕೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಅಮ್ಮನ ಕನ್ನಡಕದ ಪೆಟ್ಟಿಗೆಗೂ ಬೂಷ್ಟು.

ಬ್ಯಾಟರಿಯಾದರೂ ಸಹಾಯಕ್ಕೆ ಬಂತಾ? ಇಲ್ಲ. ವಾರಗಟ್ಟಲೆ ಸೂರ್ಯನ ಮುಖವೇ ಕಾಣದಿದ್ದರೆ ಎರಡು ಬ್ಯಾಟರಿ ಅಂದರೆ ಎರಡು ಖಾಲಿ ಡಬ್ಬ ಇದ್ದ ಹಾಗೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಂಬರ್ಧ ಚಾರ್ಜಿನಲ್ಲಿ ತುಂಬಾ ದಿನ ಬಿಟ್ಟರೆ ಪ್ಲೇಟಿಗೆ ಸಲ್ಫೇಟ್ ಕಟ್ಟುತ್ತದೆ. ಒಂದೂವರೆ ವರ್ಷದಲ್ಲಿ ಎರಡೂ ಕೆಟ್ಟವು.

ಜುಲೈ ಕೊನೆಗೆ ಅಮ್ಮನಿಗೆ ಕೆಮ್ಮು ಜೋರಾಯಿತು. ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದರು. ತಗಡಿನ ಮೇಲಿನ ಮಳೆ ಸದ್ದಿನಲ್ಲೂ ಅವರ ಉಸಿರಿನ ಗೊರಗೊರ ಕೇಳುತ್ತಿತ್ತು. ಆಗಸ್ಟ್ 2ರಂದು ಜೀಪು ಮಾಡಿ ಕುಶಾಲನಗರಕ್ಕೆ ಕರೆದುಕೊಂಡು ಹೋದೆ. ಒಂದೇ ಜಿಲ್ಲೆ, ಅಲ್ಲಿ ಮಳೆ ತುಂಬಾ ಕಡಿಮೆ. ಡಾಕ್ಟರು ಹೊಗೆಯಿಂದಲೇ ಅಂದರು. ಅಲ್ಲೇ ಬಾಡಿಗೆ ಮನೆ ಮಾಡಿ ಹೆಂಡತಿಯನ್ನು ಅಮ್ಮನ ಜೊತೆ ಬಿಟ್ಟು ಬಂದೆ. ಮಾರನೇ ದಿನ ಕಕ್ಕಡ ಹದಿನೆಂಟು, ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮದ್ದು ಸೊಪ್ಪಿನ ಪಾಯಸ ತಿನ್ನುವ ದಿನ. ಅಜ್ಜ ಒಂದು ಕಟ್ಟು ಮದ್ದು ಸೊಪ್ಪು ತಂದಿದ್ದರು, "ಅಮ್ಮನಿಗೆ ಪಾಯಸ ಮಾಡಿಕೊಡಿ" ಅಂತ. ಅಮ್ಮ ಇಲ್ಲಿಲ್ಲ, ಕುಶಾಲನಗರದಲ್ಲಿದ್ದಾರೆ ಅಂದೆ. ಅವರು ಟಾರ್ಪಾಲಿನ ಕಡೆ ನೋಡಿದರು. ಆಗಲೂ ಒಂದು ಮಾತು ಆಡಲಿಲ್ಲ. ಮಾರನೇ ವಾರ ಅವರ ಕೊಟ್ಟಿಗೆಯಿಂದಲೇ ಎರಡು ಹೊರೆ ಒಣ ಕಾಫಿ ಗಿಡದ ಸೌದೆ ಕಳಿಸಿದರು. ನಮ್ಮ ಒಲೆ ಮೊದಲ ಸಲ ಸರಿಯಾಗಿ ಉರಿದದ್ದು ಅವತ್ತು.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿ ಇಲ್ಲ ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಡಿಕೇರಿಗೆ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕತ್ತಲಲ್ಲಿ ಹೇಗೋ ಇರಬಹುದು. ಒದ್ದೆಯಲ್ಲಿ ಇರೋಕಾಗಲ್ಲ. ಮೊದಲು ಸೌದೆ ಕೊಟ್ಟಿಗೆ ಕಟ್ಟಿ, ಆಮೇಲೆ ಮನೆ. ಮಾಡು ಗಟ್ಟಿ ಇರಲಿ, ಪಕ್ಕಗಳು ತೆರೆದಿರಲಿ, ತುಂಡು ನೆಲಕ್ಕೆ ತಾಗದ ಹಾಗೆ ಕೆಳಗೆ ಅಡ್ಡ ಮರ ಹಾಕಿ. ಶಿವರಾತ್ರಿ ಒಳಗೆ ಸೀಳಿ ಪೇರಿಸಿಬಿಡಿ, ಅದೂ ಈ ವರ್ಷದ ಮಳೆಗಾಲಕ್ಕಲ್ಲ, ಮುಂದಿನ ವರ್ಷದ್ದಕ್ಕೆ. ಒಲೆಯ ಮೇಲೆ ಅಟ್ಟ ಇರಲಿ, ನಾಳೆಯ ಸೌದೆ ಇವತ್ತಿನ ಬೆಂಕಿಗೆ ಒಣಗುತ್ತದೆ. ಇಲ್ಲಿನ ಹಳೇ ಅಡುಗೆಮನೆಗಳಲ್ಲಿ ನೋಡಿ, ಎಲ್ಲ ಹಾಗೇ ಇದೆ.

ಆನೆ ಬಗ್ಗೆಯೂ ಕೇಳಿದ್ದೀರಿ. ಹಣ್ಣಿಗೆ ಆನೆ ಬರುತ್ತದೆ, ಹಲಸಿನ ಮರದ ಬುಡದಲ್ಲಿ ಮನೆ ಕಟ್ಟಬೇಡಿ, ಅಷ್ಟೇ. ಜಿಗಣೆ ಅಭ್ಯಾಸ ಆಗುತ್ತದೆ. ನೀರಿನ ಪೈಪಿಗೆ ಮಳೆಗಾಲದಲ್ಲಿ ಎಲೆ ಕಟ್ಟುತ್ತದೆ, ದಿನಾ ಕೊಲ್ಲಿಗೆ ಹತ್ತಬೇಕು. ಜಾಗದ ಪಹಣಿ ವಕೀಲರಿಗೆ ತೋರಿಸದೆ ಒಂದು ರೂಪಾಯಿ ಕೊಡಬೇಡಿ.

ಮತ್ತೆ ಡಿಸೆಂಬರಿನಲ್ಲಿ ಬಂದು ಜಾಗ ನೋಡಿ ಮನಸೋಲಬೇಡಿ. ಜುಲೈನಲ್ಲಿ ಬನ್ನಿ. ಇಲ್ಲೇ ಎಲ್ಲಾದರೂ ಹದಿನೈದು ದಿನ ಬಾಡಿಗೆಗೆ ಇದ್ದು, ನಿಮ್ಮ ಬಟ್ಟೆ ನೀವೇ ಒಗೆದು ಒಣಗಿಸಿ. ಮನೆಯವರನ್ನೂ ಕರೆದುಕೊಂಡು ಬನ್ನಿ.

ವ್ಯಾಟ್ ಲೆಕ್ಕ ಬೇಕೇ ಬೇಕು ಅಂದರೆ, ನಾಲ್ಕು ಎಲ್‌ಇಡಿ ಬಲ್ಬು, ಎರಡು ಫೋನಿಗೆ ಬೇಸಿಗೆಯಲ್ಲಿ 200 ವ್ಯಾಟ್ ಧಾರಾಳ. ಮಳೆಗಾಲಕ್ಕೆ ಒಂದೇ ಬ್ಯಾಟರಿ ಇಟ್ಟುಕೊಂಡು ಪ್ಯಾನೆಲ್ ಜಾಸ್ತಿ ಮಾಡಿ. ನಾನು ಈಗ ಹಾಗೇ ಮಾಡಿದ್ದೇನೆ. ಕೊಟ್ಟಿಗೆಯೂ ಇದೆ, ಎರಡು ಮಳೆಗಾಲದ ಸೌದೆ ತುಂಬಿದೆ. ಅಮ್ಮ ಇನ್ನೂ ಕುಶಾಲನಗರದಲ್ಲೇ ಇದ್ದಾರೆ, ಬೇಸಿಗೆಗೆ ಮಾತ್ರ ಬರುತ್ತಾರೆ. ಈ ಸಲ ಕಕ್ಕಡ ಹದಿನೆಂಟಕ್ಕೆ ಬರ್ತೀನಿ, ಎರಡು ದಿನ ಇದ್ದು ನೋಡ್ತೀನಿ ಅಂದಿದ್ದಾರೆ. ಹೊಗೆ ಪೈಪು ನಿನ್ನೆ ತಾನೇ ಬಿಚ್ಚಿ ತೊಳೆದಿಟ್ಟಿದ್ದೇನೆ.